ರಾಜೀನಾಮೆಗೆ ಸಹಿ ಹಾಕುವ ಮುಂಚೆ

(ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ವರದಕ್ಷಿಣೆ, ಹೊಡೆತ ಬಡಿತಗಳ ಬಗ್ಗೆ ಮಾತಾಡುವ ಸಭೆಯಲ್ಲಿ ಕೆಲಸಕ್ಕೆ ರಾಜೀನಾಮೆ ಕೊಡುವ ವಿಚಾರ ಯಾಕೆ ಬಂತು ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ನಾನು ಹದಿನಾಲ್ಕು ವರ್ಷ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಕಾಲರ್ ಹೊಲಿದವಳು. ಈಗ ವಾರಕ್ಕೆರಡು ದಿನ ನಮ್ಮ ಒಕ್ಕೂಟದ ಸಲಹಾ ಕೇಂದ್ರದಲ್ಲಿ ಕೂರುತ್ತೇನೆ. ಅಲ್ಲಿಗೆ ಬರುವ ಹೆಂಗಸರನ್ನು "ಕೆಲಸ ಯಾಕಮ್ಮ ಬಿಟ್ಟೆ?" ಎಂದು ಕೇಳಿದರೆ "ನನಗೆ ಸಾಕಾಯಿತು" ಎನ್ನುವವರು ಕಡಿಮೆ. "ಮನೆಯವರು ಬಿಡು ಅಂದರು", "ನಾದಿನಿ ಮದುವೆಗೆ ಪಿ.ಎಫ್. ಬೇಕಿತ್ತು", "ಗೇಟಿನ ಹತ್ತಿರ ಬಂದು ಗಲಾಟೆ ಮಾಡಿದ, ತಲೆ ಎತ್ತಿಕೊಂಡು ಒಳಗೆ ಹೋಗೋಕಾಗಲಿಲ್ಲ" – ಇಂಥ ಉತ್ತರಗಳೇ ಹೆಚ್ಚು. ರಾಜೀನಾಮೆ ಪತ್ರದ ಮೇಲೆ ಸಹಿ ಹೆಂಗಸಿನದು. ತೀರ್ಮಾನ ಮಾತ್ರ ಬೇರೆಯವರದು.

ಕೆಲಸ ಬಿಡಲೇಬಾರದು ಎಂದು ಹೇಳಲು ನಾನು ಬಂದಿಲ್ಲ. ಸೂಪರ್‌ವೈಸರನ ಬೈಗುಳ, ಬೆನ್ನುನೋವು, ಚಿಕ್ಕ ಮಗು, ಇನ್ನೊಂದು ಒಳ್ಳೆಯ ಕೆಲಸ – ಬಿಡಲು ನೂರು ನಿಜವಾದ ಕಾರಣಗಳಿರುತ್ತವೆ. ಬಿಡುವುದೂ ನಮ್ಮ ಹಕ್ಕೇ. ಆದರೆ ಬಿಡುವ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಬಿಡು ಎಂದು ಹೇಳುತ್ತಿರುವವರು ಯಾರು? ಬಿಟ್ಟರೆ ಬರುವುದೆಷ್ಟು, ಹೋಗುವುದೆಷ್ಟು? ಬರುವ ಹಣ ಯಾರ ಕೈಗೆ ಬರುತ್ತದೆ?

ಮೊದಲನೆಯ ಪ್ರಶ್ನೆ. ಹೆಂಡತಿಯನ್ನು ಕೆಲಸಕ್ಕೆ ಕಳಿಸುವುದು ಬಿಡುವುದು ಗಂಡನ ಇಷ್ಟ ಎಂದು ಊರೆಲ್ಲ ನಂಬಿದೆ. ಕಾನೂನು ಹಾಗೆ ಹೇಳುವುದಿಲ್ಲ. ೨೦೦೫ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಹೊಡೆಯುವುದು, ಬೈಯುವುದರ ಜೊತೆಗೆ ಆರ್ಥಿಕ ದೌರ್ಜನ್ಯವೂ ಸೇರಿದೆ. ಅದರ ೨೦೦೬ರ ನಿಯಮಗಳ ಜೊತೆಗಿರುವ ನಮೂನೆಗಳನ್ನು ಓದಿ ನೋಡಿ. ಕೆಲಸಕ್ಕೆ ಹೋಗದಂತೆ ತಡೆಯುವುದು, ಇರುವ ಕೆಲಸ ಬಿಡುವಂತೆ ಬಲವಂತ ಮಾಡುವುದು, ಸಂಬಳ ಕಿತ್ತುಕೊಳ್ಳುವುದು – ಇವನ್ನೆಲ್ಲ ದೌರ್ಜನ್ಯ ಎಂದೇ ಅಲ್ಲಿ ಬರೆದಿದ್ದಾರೆ. ಅಂದರೆ ಮೈಮೇಲೆ ಗಾಯ ಇಲ್ಲದಿದ್ದರೂ ದೂರು ಕೊಡಬಹುದು. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಅವರ ಕಚೇರಿಯಲ್ಲಿ ದೂರು ಬರೆಸಬಹುದು. ೧೮೧ ನಂಬರಿಗೆ ಫೋನ್ ಮಾಡಿಯೂ ಸಹಾಯ ಕೇಳಬಹುದು.

"ತವರಿನಿಂದ ಏನೂ ತರಲಿಲ್ಲ, ಕೆಲಸ ಬಿಟ್ಟು ಪಿ.ಎಫ್. ಆದರೂ ತಾ" ಎಂದು ಪೀಡಿಸುವ ಮನೆಗಳಿವೆ. ಹೆಸರು ಬೇರೆ ಇರಬಹುದು, ಅದು ವರದಕ್ಷಿಣೆಯೇ. ಮದುವೆಯಾಗಿ ಎಷ್ಟು ವರ್ಷದ ನಂತರವಾದರೂ ಸರಿ, ಮದುವೆಯ ಸಂಬಂಧವಾಗಿ ಕೇಳಿದರೆ ೧೯೬೧ರ ವರದಕ್ಷಿಣೆ ನಿಷೇಧ ಕಾಯ್ದೆ ಅನ್ವಯವಾಗುತ್ತದೆ. ಅದಕ್ಕಾಗಿ ಹಿಂಸೆ ಕೊಟ್ಟರೆ ೧೯೮೩ರಲ್ಲಿ ಬಂದ ೪೯೮ಎ ಕಲಮು ಇತ್ತು. ೨೦೨೪ರ ಜುಲೈ ೧ರಿಂದ ಅದೇ ಅಪರಾಧ ಭಾರತೀಯ ನ್ಯಾಯ ಸಂಹಿತೆಯ ೮೫ನೇ ಕಲಮಿನಲ್ಲಿದೆ.

ಈ ಪಿ.ಎಫ್. ಎಷ್ಟು ಬೆಲೆಯ ಹಣ ಎಂಬುದನ್ನು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಇಡೀ ದೇಶಕ್ಕೆ ತೋರಿಸಿದ್ದಾರೆ. ೨೦೧೬ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತು. ಮಾಲೀಕರ ಪಾಲಿನ ಪಿ.ಎಫ್. ಹಣವನ್ನು ೫೮ ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದಿತು. ಗಾರ್ಮೆಂಟ್ಸಿನಲ್ಲಿ ೫೮ ವರ್ಷದವರೆಗೆ ಹೊಲಿಯುವವರು ಎಷ್ಟು ಜನ? ಆ ವರ್ಷ ಏಪ್ರಿಲ್ ೧೮ ಮತ್ತು ೧೯ರಂದು ಸಾವಿರಾರು ಹೆಂಗಸರು ಮೆಷಿನ್ ಬಿಟ್ಟು ರಸ್ತೆಗೆ ಬಂದು ಕೂತರು. ೧೯ರಂದೇ ಸರ್ಕಾರ ಅಧಿಸೂಚನೆಯನ್ನು ಹಿಂದಕ್ಕೆ ತೆಗೆದುಕೊಂಡಿತು. ದೆಹಲಿಯ ಸರ್ಕಾರಕ್ಕೆ ಬಿಟ್ಟುಕೊಡದ ಹಣವನ್ನು ನಾವು ಮನೆಯೊಳಗೆ ಲೆಕ್ಕ ಕೂಡ ಕೇಳದೆ ಕೊಟ್ಟುಬಿಡುವುದೇ?

ಎರಡನೆಯದು ಲೆಕ್ಕ. ಸಂಘದ ಪುಸ್ತಕ ಬರೆಯುವ ನಿಮಗೆ ಇದು ಕಷ್ಟವಲ್ಲ. ಸಂಬಳ ಚೀಟಿ ತೆಗೆದು ಮುಂದಿಟ್ಟುಕೊಳ್ಳಿ. ಮೂಲ ವೇತನ, ತುಟ್ಟಿಭತ್ಯೆ ಸೇರಿ ೧೩,೦೦೦ ರೂಪಾಯಿ ಎಂದುಕೊಳ್ಳೋಣ. ಪಿ.ಎಫ್.ಗೆ ನಿಮ್ಮಿಂದ ಹಿಡಿಯುವುದು ಶೇಕಡ ೧೨, ಅಂದರೆ ೧,೫೬೦ ರೂಪಾಯಿ. ಮಾಲೀಕರೂ ಅಷ್ಟೇ ಕಟ್ಟುತ್ತಾರೆ. ಆದರೆ ಅವರ ಪಾಲಿನಲ್ಲಿ ಸುಮಾರು ೧,೦೮೩ ರೂಪಾಯಿ ಪಿಂಚಣಿಗೆ ಹೋಗುತ್ತದೆ, ೪೭೭ ರೂಪಾಯಿ ಮಾತ್ರ ಪಿ.ಎಫ್.ಗೆ ಸೇರುತ್ತದೆ. ಹತ್ತು ವರ್ಷ ಸೇವೆ ಆಗಿದ್ದರೆ ಮುಂದೆ ತಿಂಗಳ ಪಿಂಚಣಿಗೆ ಹಕ್ಕಿದೆ. ಎಂಟು, ಒಂಬತ್ತು ವರ್ಷಕ್ಕೆ ಬಿಟ್ಟು ಪಿಂಚಣಿ ಹಣವನ್ನೂ ತೆಗೆದುಕೊಂಡರೆ ಆ ಹಕ್ಕು ಹೋಗುತ್ತದೆ. ಇನ್ನೊಂದು ಕಾರ್ಖಾನೆಗೆ ಸೇರುವುದಿದ್ದರೆ ಹಣ ತೆಗೆಯಬೇಡಿ, ಖಾತೆ ವರ್ಗ ಮಾಡಿಸಿ. ಹಿಂದಿನ ಸೇವೆ ಸೇರಿಕೊಳ್ಳುತ್ತದೆ.

ಬಿಟ್ಟ ಮಾರನೆಯ ದಿನವೇ ಎಲ್ಲ ಹಣ ಕೈಗೆ ಬರುತ್ತದೆ ಎಂದು ನಂಬಿ ಸಾಲ ಮಾಡಬೇಡಿ. ೨೦೨೫ರ ಅಕ್ಟೋಬರಿನಲ್ಲಿ ಪಿ.ಎಫ್. ಕೇಂದ್ರ ಟ್ರಸ್ಟಿಗಳ ಮಂಡಳಿ ಒಂದು ತೀರ್ಮಾನ ಮಾಡಿತು. ಅದರ ಪ್ರಕಾರ ಮುಕ್ಕಾಲು ಪಾಲು ಬೇಗ ತೆಗೆಯಬಹುದು, ಕಾಲು ಪಾಲು ಖಾತೆಯಲ್ಲಿ ಉಳಿಯಬೇಕು. ಖಾತೆ ಪೂರ್ತಿ ಮುಗಿಸಲು ಎರಡು ತಿಂಗಳ ಬದಲು ಹನ್ನೆರಡು ತಿಂಗಳು, ಪಿಂಚಣಿ ಹಣಕ್ಕೆ ಮೂವತ್ತಾರು ತಿಂಗಳು ಕಾಯಬೇಕು. ಅರ್ಜಿ ಹಾಕುವ ದಿನ ಯಾವ ನಿಯಮ ನಡೆಯುತ್ತಿದೆ ಎಂದು ಪಿ.ಎಫ್. ಕಚೇರಿಯಲ್ಲೇ ಕೇಳಿ. ದಲ್ಲಾಳಿ ಮಾತು ಕೇಳಬೇಡಿ.

ಗ್ರಾಚ್ಯುಟಿ ಬೇರೆ ಹಣ. ಐದು ವರ್ಷ ಬಿಡದೆ ದುಡಿದವರಿಗೆ ಸಿಗುತ್ತದೆ. ಒಪ್ಪಂದದ ಅವಧಿ ಗೊತ್ತು ಮಾಡಿ ತೆಗೆದುಕೊಂಡವರಿಗೆ, ೨೦೨೫ರ ನವೆಂಬರ್ ೨೧ರಂದು ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಒಂದು ವರ್ಷ ಸಾಕು. ಲೆಕ್ಕ ಹೀಗೆ: ೧೩,೦೦೦ವನ್ನು ೨೬ರಿಂದ ಭಾಗಿಸಿದರೆ ದಿನಕ್ಕೆ ೫೦೦. ವರ್ಷಕ್ಕೆ ೧೫ ದಿನದಂತೆ ೭,೫೦೦. ಆರು ವರ್ಷಕ್ಕೆ ೪೫,೦೦೦ ರೂಪಾಯಿ. ಐದು ವರ್ಷ ತುಂಬಲು ಎರಡು ಮೂರು ತಿಂಗಳಿರುವಾಗ ಬಿಟ್ಟವರ ಹಣಕ್ಕೆ ತಕರಾರು ಶುರುವಾಗುತ್ತದೆ. ಆ ಎರಡು ತಿಂಗಳು ಹಲ್ಲು ಕಚ್ಚಿ ದುಡಿದರೆ ನಷ್ಟವಿಲ್ಲ.

ಇನ್ನು ಬೋನಸ್. ಆ ವರ್ಷ ೩೦ ದಿನ ಕೆಲಸ ಮಾಡಿದ್ದರೂ ಕೇಳಬಹುದು. ಬಾಕಿ ಇರುವ ಗಳಿಕೆ ರಜೆಯ ಹಣ ಕೇಳಿ. ಕೊನೆಯ ಸಂಬಳವನ್ನು ಬಿಟ್ಟ ಎರಡು ಕೆಲಸದ ದಿನಗಳೊಳಗೆ ಕೊಡಬೇಕು ಎಂದು ವೇತನ ಸಂಹಿತೆ ಹೇಳುತ್ತದೆ.

ಬಸುರಿ ಹೆಂಗಸರು ಇನ್ನೊಂದು ವಿಷಯ ನೆನಪಿಡಬೇಕು. "ಹೇಗೂ ಹೆರಿಗೆಗೆ ಹೋಗುತ್ತೀಯಲ್ಲ, ರಾಜೀನಾಮೆ ಬರೆದುಕೊಡು" ಎಂದು ಕಾರ್ಖಾನೆಯವರು ಹೇಳುವುದುಂಟು, ಅತ್ತೆಮನೆಯವರೂ ಹೇಳುವುದುಂಟು. ಬರೆಯಬೇಡಿ. ಇ.ಎಸ್.ಐ.ನಲ್ಲಿ ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ೭೦ ದಿನದ ವಂತಿಗೆ ಇದ್ದರೆ, ಎರಡು ಮಕ್ಕಳಿಗಿಂತ ಕಡಿಮೆ ಇರುವವರಿಗೆ ೨೬ ವಾರ ಹೆರಿಗೆ ಭತ್ಯೆ ಸಿಗುತ್ತದೆ. ರಜೆ ಹಾಕಿ ಹೋಗಿ, ಬಾಣಂತನ ಮುಗಿದ ಮೇಲೆ ಯೋಚನೆ ಮಾಡಿ.

ಹೋಗುವ ಕಡೆಯ ಲೆಕ್ಕವನ್ನೂ ಬರೆಯಿರಿ. ಬಾಡಿಗೆ, ರೇಷನ್, ಮಕ್ಕಳ ಫೀಸು, ಸಂಘದ ಸಾಲದ ಕಂತು, ಚೀಟಿ, ಗಿರವಿ ಇಟ್ಟ ಒಡವೆಯ ಬಡ್ಡಿ. ಸಂಬಳವಿಲ್ಲದೆ ಇದೆಲ್ಲ ಎಷ್ಟು ತಿಂಗಳು ನಡೆಯುತ್ತದೆ? "ನಾನಿದ್ದೇನಲ್ಲ, ನೋಡಿಕೊಳ್ಳುತ್ತೇನೆ" ಎನ್ನುವ ಗಂಡ ಇಲ್ಲಿಯವರೆಗೆ ತಿಂಗಳಿಗೆ ಎಷ್ಟು ಕೊಟ್ಟಿದ್ದಾನೆ? ಮಾತನ್ನು ಬರೆದುಕೊಳ್ಳಬೇಡಿ, ಕೊಟ್ಟಿದ್ದನ್ನು ಬರೆದುಕೊಳ್ಳಿ.

ಮೂರನೆಯದು, ಹಣ ಯಾರ ಕೈಗೆ? ನಮ್ಮ ಕೇಂದ್ರಕ್ಕೆ ಬಂದ ಒಬ್ಬ ಹೆಣ್ಣುಮಗಳ ಪಿ.ಎಫ್. ಪೂರ್ತಿ ಬಂದಿತ್ತು, ಅವಳಿಗೆ ಗೊತ್ತೇ ಇರಲಿಲ್ಲ. ಆಧಾರಿಗೆ ಸೇರಿಸಿದ ಮೊಬೈಲ್ ಗಂಡನದು, ಓ.ಟಿ.ಪಿ. ಹೋದದ್ದು ಅವನಿಗೆ, ಬ್ಯಾಂಕಿನ ಎ.ಟಿ.ಎಂ. ಕಾರ್ಡೂ ಅವನ ಜೇಬಿನಲ್ಲಿ. ಹಾಗಾಗಿ ರಾಜೀನಾಮೆಗೆ ಮೊದಲು ಮೂರು ಕೆಲಸ ಮಾಡಿ. ನಿಮ್ಮೊಬ್ಬರ ಹೆಸರಿನ ಖಾತೆಯನ್ನೇ ಪಿ.ಎಫ್.ಗೆ ಸೇರಿಸಿ. ಆಧಾರ್ ಮತ್ತು ಯು.ಎ.ಎನ್. ಎರಡಕ್ಕೂ ನಿಮ್ಮ ಮೊಬೈಲ್ ನಂಬರನ್ನೇ ಕೊಡಿ. ಕಾರ್ಡನ್ನು ನೀವೇ ಇಟ್ಟುಕೊಂಡು ಗುಟ್ಟಿನ ನಂಬರ್ ಬದಲಾಯಿಸಿ.

ನಾಮಿನಿ ಯಾರು ಎಂದೂ ನೋಡಿ. ಮದುವೆಗೆ ಮುಂಚೆ ಬರೆದ ಪಿ.ಎಫ್. ನಾಮಪತ್ರ ಮದುವೆಯಾದ ಮೇಲೆ ನಡೆಯುವುದಿಲ್ಲ, ಹೊಸದು ಬರೆಯಬೇಕು. ೧೯೫೨ರ ಪಿ.ಎಫ್. ಯೋಜನೆಯಲ್ಲಿ ನಮಗೆ ಹೆಚ್ಚು ಜನ ಹೇಳದ ಒಂದು ಸಾಲಿದೆ. ಹೆಣ್ಣು ಸದಸ್ಯೆ ತನ್ನ ಗಂಡನನ್ನು ಕುಟುಂಬದಿಂದ ಹೊರಗಿಡುತ್ತೇನೆ ಎಂದು ಪಿ.ಎಫ್. ಆಯುಕ್ತರಿಗೆ ಬರೆದುಕೊಟ್ಟರೆ, ಆ ಹಣದ ಮಟ್ಟಿಗೆ ಅವನು ಕುಟುಂಬದವನಲ್ಲ. ವಿಚ್ಛೇದನ ಆಗಿರಬೇಕಾಗಿಲ್ಲ.

ಇನ್ನು ಪತ್ರ ಬರೆಯುವ ರೀತಿ. ಖಾಲಿ ಹಾಳೆಗೆ ಯಾರು ಹೇಳಿದರೂ ಸಹಿ ಹಾಕಬೇಡಿ. ನೇಮಕಾತಿ ಪತ್ರದಲ್ಲಿ ಎಷ್ಟು ದಿನದ ನೋಟಿಸ್ ಎಂದಿದೆಯೋ ನೋಡಿ. ಇಲ್ಲದಿದ್ದರೆ ಆ ದಿನಗಳ ಸಂಬಳ ಹಿಡಿಯುತ್ತಾರೆ. ಎರಡು ಪ್ರತಿ ಬರೆದು, ಒಂದರ ಮೇಲೆ ತಾರೀಖು, ಮೊಹರು ಹಾಕಿಸಿ ಇಟ್ಟುಕೊಳ್ಳಿ. ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಡಿ. ಸುಮ್ಮನೆ ಕೆಲಸಕ್ಕೆ ಹೋಗುವುದನ್ನು ನಿಲ್ಲಿಸಬೇಡಿ. ಮನೆಯಲ್ಲಿ ಒತ್ತಾಯವಿದ್ದರೆ ಮೊದಲು ರಜೆ ಕೇಳಿ. ಒಂದು ತಿಂಗಳ ಸಂಬಳ ಹೋಗಬಹುದು, ಕೆಲಸ ಉಳಿಯುತ್ತದೆ. ಪಿ.ಎಫ್. ದಾಖಲೆಯಲ್ಲಿ ಕೆಲಸ ಬಿಟ್ಟ ತಾರೀಖನ್ನು ಕಾರ್ಖಾನೆ ಹಾಕದಿದ್ದರೆ, ಕೊನೆಯ ವಂತಿಗೆಯಾದ ಎರಡು ತಿಂಗಳ ನಂತರ ಸದಸ್ಯೆಯೇ ಹಾಕಿಕೊಳ್ಳಬಹುದು.

ಗಂಡನ ಗಲಾಟೆಗೆ ಹೆದರಿ ಕೆಲಸ ಬಿಡುವವರಿಗೆ ಒಂದು ಮಾತು. ಗೇಟಿನ ಹತ್ತಿರ ಕಿರುಚಾಡಿದವನು ಅವನು, ನಾಚಿಕೆ ಪಡಬೇಕಾದವರು ನೀವಲ್ಲ. ೨೦೦೫ರ ಕಾಯ್ದೆಯ ೧೮ನೇ ಕಲಮಿನಲ್ಲಿ, ನೀವು ದುಡಿಯುವ ಜಾಗಕ್ಕೆ ಅವನು ಕಾಲಿಡಬಾರದು ಎಂದು ಮ್ಯಾಜಿಸ್ಟ್ರೇಟರು ಆದೇಶ ಕೊಡಬಹುದು. ರಾಜೀನಾಮೆ ಬರೆಯುವ ಮುಂಚೆ ಆ ಅರ್ಜಿ ಬರೆಯಿರಿ. ಮನೆ ಬಿಟ್ಟು ಹೊರಬರಲೇಬೇಕಾದ ಹೆಂಗಸಿಗೆ ತಿಂಗಳ ಸಂಬಳವೇ ಮೊದಲ ಆಸರೆ.

ಸಂಘ ಏನು ಮಾಡಬಹುದು? ವಾರದ ಸಭೆಯಲ್ಲಿ ಕಂತು ಕಟ್ಟಿದವರ ಹೆಸರು ಕೂಗುತ್ತೇವೆ. ಕಂತು ತಪ್ಪಿದವಳನ್ನು ಎಲ್ಲರ ಮುಂದೆ ಬೈಯುವ ಬದಲು, ಪಕ್ಕಕ್ಕೆ ಕರೆದು "ಕೆಲಸ ಇದೆಯಾ? ಬಿಡಿಸಿದರಾ?" ಎಂದು ಕೇಳೋಣ. ಕೆಲಸ ಬಿಡುವ ಯೋಚನೆಯಲ್ಲಿರುವ ಸದಸ್ಯೆಯ ಜೊತೆ ಇಬ್ಬರು ಕೂತು ಲೆಕ್ಕ ಬರೆಯಲಿ, ಪಿ.ಎಫ್. ಕಚೇರಿಗೆ ಒಬ್ಬರು ಜೊತೆಗೆ ಹೋಗಲಿ. ಅವಳ ಸಂಬಳ ಚೀಟಿ, ನೇಮಕಾತಿ ಪತ್ರ, ಇ.ಎಸ್.ಐ. ಕಾರ್ಡುಗಳ ನಕಲು ಸಂಘದ ಪೆಟ್ಟಿಗೆಯಲ್ಲಿರಲಿ. ಮನೆಯಲ್ಲಿ ಹರಿದುಹಾಕಿದರೂ ಇಲ್ಲಿ ಉಳಿಯುತ್ತದೆ.

ಮುಂದಿನ ವಾರದ ಸಭೆಗೆ ಬರುವಾಗ ಪ್ರತಿಯೊಬ್ಬರೂ ನಿಮ್ಮ ಸಂಬಳ ಚೀಟಿ ತನ್ನಿ. ಅಲ್ಲಿಂದ ಶುರು ಮಾಡೋಣ.