ಬಡ ಮಗುವಿಗೆ ಯಾವ ಬಾಗಿಲು?



ಶಿವಾಜಿನಗರ, ಹಲಸೂರುಗಳ ನಮ್ಮ ಓಣಿಗಳಲ್ಲಿ ಕನ್ನಡ, ತಮಿಳು, ಉರ್ದು ಮೂರೂ ಕೇಳಿಬರುತ್ತವೆ. ಮಕ್ಕಳಿಗಾಗಿ ಹೆತ್ತವರು ಹುಡುಕುವುದು ಮಾತ್ರ ಇಂಗ್ಲಿಷ್ ಶಾಲೆಯನ್ನೇ. ಶಿಕ್ಷಣ ಮಾಧ್ಯಮದ ಆಯ್ಕೆ ಹೆತ್ತವರದೆಂದು ಸರ್ವೋಚ್ಚ ನ್ಯಾಯಾಲಯವು 2014ರ ಮೇ 6ರಂದು ಕರ್ನಾಟಕದ ಮೊಕದ್ದಮೆಯಲ್ಲೇ ತೀರ್ಪಿತ್ತಿತು. ಹಕ್ಕೇನೋ ಬಂದಿತು, ಶುಲ್ಕ ತೆರುವ ಶಕ್ತಿ ಎಲ್ಲಿಂದ ಬರಬೇಕು?

2009ರ ಶಿಕ್ಷಣ ಹಕ್ಕು ಕಾಯಿದೆಯು ಖಾಸಗಿ ಶಾಲೆಗಳ ಪ್ರವೇಶ ತರಗತಿಯಲ್ಲಿ ಶೇಕಡಾ 25 ಸ್ಥಾನಗಳನ್ನು ಬಡವರಿಗೆ ಮೀಸಲಿರಿಸಿತು. ಆದರೆ ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಆ ಸ್ಥಾನ ದೊರೆಯದೆಂದು ನಮ್ಮ ರಾಜ್ಯವು 2019ರಿಂದ ನಿಯಮ ಮಾಡಿತು. ಒತ್ತೊತ್ತಾದ ದಂಡುಪ್ರದೇಶದಲ್ಲಿ ಅಂಥ ಶಾಲೆ ಸಮೀಪವಿಲ್ಲದ ಓಣಿ ವಿರಳ. ತನ್ನ ಶಾಲೆ ಬರಿದಾಗುತ್ತಿರುವಾಗ ಖಾಸಗಿಯವರಿಗೆ ಹಣ ತೆರುವುದೇಕೆಂಬ ಸರ್ಕಾರದ ವಾದ ಪೊಳ್ಳಲ್ಲ. ಆದರೂ ಒಂದು ಬಾಗಿಲು ಮುಚ್ಚಿದ ಮಾತ್ರಕ್ಕೆ ಮತ್ತೊಂದು ಶಾಲೆ ಸುಧಾರಿಸದು.

ನಮ್ಮಂಥ ಅಲ್ಪಸಂಖ್ಯಾತರ ಶಾಲೆಗಳಿಗೆ ಈ ಕಾಯಿದೆ ಅನ್ವಯಿಸದೆಂಬ ತೀರ್ಪೂ ಬಂದದ್ದು ಅದೇ ದಿನವೇ. 2025ರಲ್ಲಿ ಸರ್ವೋಚ್ಚ ನ್ಯಾಯಾಲಯದ ಪೀಠವೊಂದು ಅದನ್ನು ಸಂಶಯಿಸಿ ಮರುಪರಿಶೀಲನೆಗೆ ಒಪ್ಪಿಸಿತು. ಕಾನೂನು ಬಲವಂತಪಡಿಸುವ ಮೊದಲೇ ಕೆಲವು ಸ್ಥಾನಗಳನ್ನು ನೆರೆಯ ಬಡ ಮಕ್ಕಳಿಗೆ, ಜಾತಿಮತ ಕೇಳದೆ, ನಾವು ಬಿಟ್ಟುಕೊಡಬಾರದೇಕೆ? ಸರ್ಕಾರಿ ಶಾಲೆಗೆ ಮಕ್ಕಳನ್ನು ಕಳುಹಿಸುವ ನಮ್ಮ ಕುಟುಂಬಗಳೂ ಅಲ್ಲಿನ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಕುಳಿತು, ಶಿಕ್ಷಕರ ಹುದ್ದೆ ಖಾಲಿಯಿದ್ದರೆ ಕಾರಣವನ್ನು ಬರೆದು ಕೇಳಲಿ. ಕಾಯಿದೆಯ ಪ್ರಕಾರ ಆ ಸಮಿತಿಯ ಮುಕ್ಕಾಲು ಪಾಲು ಸ್ಥಾನಗಳು ಹೆತ್ತವರವೇ.