ನಗೆಯನಿಲ ಮತ್ತು ಎಂಜಿನ್ನಿನ ಉಸಿರು

ಕುಲುಮೆಯ ಬೆಂಕಿ ಮಂದವಾದಾಗ ಕಮ್ಮಾರನು ತಿದಿಯೊತ್ತುತ್ತಾನೆ. ಸೌದೆ ಒಲೆಯ ಮುಂದೆ ಕುಳಿತ ಗೃಹಿಣಿ ಊದುಗೊಳವೆಯನ್ನು ಎತ್ತಿಕೊಳ್ಳುತ್ತಾಳೆ. ಉರಿ ಹೆಚ್ಚಬೇಕಾದರೆ ಸೌದೆ ತುಂಬಿದರೆ ಸಾಲದು, ಉಸಿರನ್ನೂ ಕೊಡಬೇಕೆಂಬುದನ್ನು ಇಬ್ಬರೂ ಬಲ್ಲರು. ಮೋಟಾರು ಕಾರಿನ ಎಂಜಿನ್ನಿಗೂ ಇದೇ ನಿಯಮ. ಒಂದು ಭಾಗ ಪೆಟ್ರೋಲು ಪೂರ್ಣವಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. ಪೆಟ್ರೋಲನ್ನು ಎಷ್ಟಾದರೂ ಸುರಿಯಬಹುದು. ಆದರೆ ಪಿಸ್ಟನ್ ಒಮ್ಮೆ ಕೆಳಗಿಳಿದಾಗ ಒಳಬರುವ ಗಾಳಿಗೆ ಮಿತಿಯುಂಟು. ಆ ಮಿತಿಯನ್ನು ದಾಟಿಸುವ ನೈಟ್ರಸ್ ಆಕ್ಸೈಡ್ ಎಂಬ ಅನಿಲವನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬಯಸುತ್ತೇನೆ.

ಈ ಅನಿಲಕ್ಕೆ ಸಾಹಿತ್ಯದ ನಂಟೂ ಇದೆ. 1772ರಲ್ಲಿ ಜೋಸೆಫ್ ಪ್ರೀಸ್ಟ್ಲಿ ಇದನ್ನು ಮೊದಲು ತಯಾರಿಸಿದನು. 1799ರಲ್ಲಿ ಬ್ರಿಸ್ಟಲ್ ನಗರದಲ್ಲಿ ತರುಣ ಹಂಫ್ರಿ ಡೇವಿ ಇದನ್ನು ತಾನೇ ಸೇದಿ ನೋಡಿ, ಕವಿಗಳಾದ ಕೋಲ್‌ರಿಜ್ ಮತ್ತು ಸದಿಯವರಿಗೂ ಸೇದಿಸಿದನು. ನಗೆಯನಿಲವೆಂಬ ಹೆಸರು ಹೀಗೆ ಬಂತು. 1844ರಲ್ಲಿ ಅಮೆರಿಕದ ದಂತವೈದ್ಯ ಹೊರೇಸ್ ವೆಲ್ಸ್ ಇದನ್ನು ಸೇದಿಯೇ ತನ್ನ ಹಲ್ಲನ್ನು ಕೀಳಿಸಿಕೊಂಡನು. ಎರಡನೆಯ ಮಹಾಯುದ್ಧದಲ್ಲಿ ಅದೇ ಅನಿಲ ಜರ್ಮನ್ ಯುದ್ಧವಿಮಾನಗಳನ್ನೇರಿತು. ಗಾಳಿ ತೆಳುವಾದ ಎತ್ತರದಲ್ಲಿ ಎಂಜಿನ್ನು ಏದುಸಿರು ಬಿಡುವಾಗ ಜಿಎಂ-1 ಎಂಬ ಏರ್ಪಾಡು ಅದಕ್ಕೆ ಈ ಅನಿಲವನ್ನೂಡುತ್ತಿತ್ತು. ತಗ್ಗಿನಲ್ಲಿ ಹಾರುವಾಗ ಮಾತ್ರ ಆ ತೊಟ್ಟಿ ಬರಿಯ ಹೊರೆ. ಯುದ್ಧಾನಂತರ ಇದು ಮೋಟಾರು ಪಂದ್ಯಗಳಿಗೆ, ವಿಶೇಷವಾಗಿ ಅಮೆರಿಕದ ಕಾಲು ಮೈಲಿಯ ಓಟಕ್ಕೆ ಇಳಿದುಬಂತು.

ಅನೇಕರು ಇದನ್ನು ಒಂದು ಉಗ್ರ ಇಂಧನವೆಂದು ಭಾವಿಸುತ್ತಾರೆ. ಇದು ಇಂಧನವೇ ಅಲ್ಲ. ತಾನಾಗಿ ಉರಿಯುವುದೂ ಇಲ್ಲ. ಗಾಳಿಯ ತೂಕದಲ್ಲಿ ಆಮ್ಲಜನಕ ನೂರಕ್ಕೆ 23ರಷ್ಟಿದ್ದರೆ, ಇದರಲ್ಲಿ 36ರಷ್ಟಿದೆ. ಸಿಲಿಂಡರಿನ ಕಾವಿಗೆ ಅಣು ಒಡೆದು ಆಮ್ಲಜನಕ ಬಿಡುಗಡೆಯಾಗುತ್ತದೆ. ಜೊತೆಗಿರುವ ಸಾರಜನಕ ಉರಿಯ ಆವೇಗಕ್ಕೆ ತಕ್ಕಮಟ್ಟಿಗೆ ಕಡಿವಾಣ ಹಾಕುತ್ತದೆ. ಇನ್ನೊಂದು ಲಾಭವೂ ಉಂಟು. ಸೀಸೆಯಲ್ಲಿ ಒತ್ತಡದಿಂದ ದ್ರವವಾಗಿರುವ ಇದು ಹೊರಬಿದ್ದೊಡನೆ ಆವಿಯಾಗುತ್ತ ಸುತ್ತಲಿನ ಗಾಳಿಯನ್ನು ತಣಿಸುತ್ತದೆ. ತಣಿದ ಗಾಳಿ ಸಾಂದ್ರವಾದದ್ದು. ಆದ್ದರಿಂದ ಅದೇ ಜಾಗದಲ್ಲಿ ಹೆಚ್ಚು ಗಾಳಿ ಹಿಡಿಯುತ್ತದೆ.

ಉಸಿರು ಹೆಚ್ಚಿದಂತೆ ಆಹಾರವೂ ಹೆಚ್ಚಬೇಕಷ್ಟೆ. ಈ ಅನಿಲದ ಪ್ರತಿ 9.6 ಭಾಗಕ್ಕೆ ಒಂದು ಭಾಗ ಪೆಟ್ರೋಲು ಬೇಕು. ಅದನ್ನು ಒದಗಿಸುವ ಬಗೆಯಲ್ಲಿ ಎರಡು ಪದ್ಧತಿಗಳಿವೆ. ‘ಒಣ’ ಪದ್ಧತಿಯಲ್ಲಿ ಅನಿಲವನ್ನು ಮಾತ್ರ ಸಿಂಪಡಿಸಿ, ಹೆಚ್ಚಿನ ಪೆಟ್ರೋಲನ್ನು ಎಂಜಿನ್ನಿನ ಸ್ವಂತ ಇಂಜೆಕ್ಟರುಗಳಿಂದ ಪಡೆಯುತ್ತಾರೆ. ‘ಹಸಿ’ ಪದ್ಧತಿಯಲ್ಲಿ ಎರಡನ್ನೂ ಒಟ್ಟಿಗೆ ಸಿಂಪಡಿಸುತ್ತಾರೆ. ಪ್ರತಿಯೊಂದು ಸಿಲಿಂಡರಿಗೂ ಬೇರೆಬೇರೆ ಮೂತಿಯಿಟ್ಟರೆ ಹಂಚಿಕೆ ಇನ್ನೂ ಸಮನಾಗುತ್ತದೆ. ಮೂತಿಯೊಳಗಿನ ಜೆಟ್ಟಿನ ರಂಧ್ರವೇ ಇಲ್ಲಿ ಅಳತೆಗೋಲು.

ಅಪಾಯವಿರುವುದು ಪೆಟ್ರೋಲು ಕಡಿಮೆಬಿದ್ದಾಗ. ಆಗ ಕಾವು ಮಿತಿಮೀರುತ್ತದೆ. ಮಿಶ್ರಣ ಕ್ರಮವಾಗಿ ಉರಿಯುವ ಬದಲು ಅಲ್ಲಲ್ಲಿ ಸಿಡಿಯುತ್ತದೆ. ಕ್ಷಣಗಳಲ್ಲಿ ಪಿಸ್ಟನ್ನಿನ ನೆತ್ತಿ ಕರಗುತ್ತದೆ. ಸೀಸೆಯ ಉಷ್ಣತೆಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 50 ವಾಯುಭಾರವಿರುವ ಒತ್ತಡ 30 ಡಿಗ್ರಿಯಲ್ಲಿ 60ನ್ನು ದಾಟುತ್ತದೆ. ಬೆಳಗಿನ ತಂಪಿನಲ್ಲಿ ಸರಿಹೊಂದಿಸಿದ ಮಿಶ್ರಣ ಮಧ್ಯಾಹ್ನದ ಬಿಸಿಲಿನಲ್ಲಿ ಅನಿಲ ಹೆಚ್ಚಾಗಿ ತಪ್ಪಿಬಿಡಬಹುದು. ಈ ಮಿಶ್ರಣ ಬೇಗನೆ ಉರಿಯುವುದರಿಂದ ಕಿಡಿಯನ್ನು ತುಸು ತಡಮಾಡಬೇಕು. ಹೆಚ್ಚಿದ ಪ್ರತಿ 50 ಅಶ್ವಶಕ್ತಿಗೆ ಸುಮಾರು 2 ಡಿಗ್ರಿ ಎಂಬುದು ರೂಢಿಯ ಲೆಕ್ಕ. ತಡಮಾಡದಿದ್ದರೆ ಮೇಲೇರುತ್ತಿರುವ ಪಿಸ್ಟನ್ನಿನ ತಲೆಗೇ ಪೆಟ್ಟು ಬೀಳುತ್ತದೆ. ಆಕ್ಸಿಲರೇಟರನ್ನು ಪೂರ್ತಿ ಒತ್ತಿ, ಎಂಜಿನ್ನು ಸಾಕಷ್ಟು ವೇಗದಿಂದ ಸುತ್ತುವಾಗ ಮಾತ್ರ ಅನಿಲವನ್ನು ಬಿಡುವುದೂ ಇಂಥದೇ ಎಚ್ಚರಿಕೆಗಾಗಿ.

ಬಲ್ಲವರು ಆರಂಭದಲ್ಲಿ ಅತಿ ಸಣ್ಣ ಜೆಟ್ಟನ್ನು ಹಾಕಿ, ಪೆಟ್ರೋಲನ್ನು ತುಸು ಹೆಚ್ಚಾಗಿಯೇ ಇಟ್ಟು, ಪ್ರತಿ ಓಟದ ನಂತರ ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ಅದರ ಬಣ್ಣ ನೋಡುತ್ತಾರೆ. ಅದು ಒಪ್ಪಿಗೆಯಾದ ಮೇಲೆಯೇ ಮುಂದಿನ ಜೆಟ್ಟು. ಸೀಸೆಯನ್ನು ಯಾರಾದರೂ ಕೊಳ್ಳಬಹುದು, ಗುಂಡಿಯನ್ನು ಯಾರಾದರೂ ಒತ್ತಬಹುದು. ಎಂಜಿನ್ನು ಉಳಿಯುವುದು ಮಾತ್ರ ಪ್ಲಗ್ಗನ್ನು ಬಿಚ್ಚಿ ನೋಡುವ ಈ ತಾಳ್ಮೆಯಿಂದ ಎಂದು ನಾನು ತಿಳಿದಿದ್ದೇನೆ.