ಕಿಟಕಿಯ ಅಗುಳಿ

(ಸಂಘದ ಕುಟುಂಬ ಕೂಟದಲ್ಲಿ ಮಾಡಿದ ಭಾಷಣ)



ಸಾಹಿತ್ಯ ಸಂಗೀತಗಳ ಮಾತು ನಡೆಯಬೇಕಾದ ಈ ವೇದಿಕೆಯ ಮೇಲೆ ಕಂಪ್ಯೂಟರಿನ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ನನಗೆ ಅಪ್ಪಣೆ ಮಾಡಿದ್ದಾರೆ. ನಾನು ಭಾಷಣಕಾರನಲ್ಲ, ಈ ಯಂತ್ರಗಳ ನಡುವೆ ದುಡಿದು ಹೊಟ್ಟೆ ಹೊರೆಯುವವನು. ಆದರೆ ವಿಷಯವು ಕೇವಲ ಯಂತ್ರದ್ದಲ್ಲವೆಂದು ನನ್ನ ಭಾವನೆ. ಊರು ಬಿಟ್ಟು ಬಂದ ನಮಗೆ ಊರಿನ ಪತ್ರಿಕೆಯನ್ನು ಓದಲು, ತಂದೆಯ ಹೆಸರಿನಲ್ಲಿರುವ ಹೊಲದ ಪಹಣಿಯನ್ನು ನೋಡಲು, ಬ್ಯಾಂಕಿನ ವ್ಯವಹಾರವನ್ನು ನಡೆಸಲು ಇಂದು ಇರುವ ಮುಖ್ಯವಾದ ಕಿಟಕಿ ಬ್ರೌಸರು. ಆ ಕಿಟಕಿಯ ಅಗುಳಿ ಭದ್ರವಾಗಿದೆಯೇ ಎಂಬುದಷ್ಟೇ ನಾನು ಇಲ್ಲಿ ಎತ್ತಬಯಸುವ ಪ್ರಶ್ನೆ.

ಮೊದಲು ನನ್ನ ತಪ್ಪೊಂದನ್ನು ಒಪ್ಪಿಕೊಂಡುಬಿಡುತ್ತೇನೆ. ಊರಿನಲ್ಲಿರುವ ನನ್ನ ತಾಯಿಗೆ ಒಂದು ಲ್ಯಾಪ್‌ಟಾಪನ್ನು ಕೊಡಿಸಿದೆ. ಡೇಟಾ ಉಳಿಯಲೆಂದು, ಬ್ರೌಸರಿಗೆ ಹೊಸ ಆವೃತ್ತಿ ಬಂದರೆ ಕೇಳಿದ ಮೇಲೆಯೇ ಹಾಕುವಂತೆ ಏರ್ಪಡಿಸಿದೆ. ಮೋಸಗಾರರ ಭಯದಿಂದ, "ಅಮ್ಮಾ, ಯಂತ್ರ ಏನು ಕೇಳಿದರೂ ಒತ್ತಬೇಡ" ಎಂದು ಕಟ್ಟುನಿಟ್ಟಾಗಿ ಹೇಳಿ ಬಂದೆ. ತಾಯಿ ಮಗನ ಮಾತನ್ನು ಚಾಚೂ ತಪ್ಪದೆ ನಡೆಸಿದರು. ಮುಂದಿನ ಬೇಸಗೆಯಲ್ಲಿ ಊರಿಗೆ ಹೋಗಿ ನೋಡುತ್ತೇನೆ, ಬ್ರೌಸರು ವರ್ಷದ ಹಿಂದಿನದು! ಅದು ದಿನವೂ ಕೇಳುತ್ತಿತ್ತು. ಇವರು ದಿನವೂ ಬೇಡವೆನ್ನುತ್ತಿದ್ದರು. "ನೀನೇ ಹೇಳಿದ್ದೆಯಲ್ಲೋ" ಎಂದರು. ಪುಣ್ಯಕ್ಕೆ ಕೆಡುಕೇನೂ ಆಗಿರಲಿಲ್ಲ. ಆದರೆ ಕಳ್ಳನಿಗೆ ಬಾಗಿಲು ತೆಗೆಯಬೇಡವೆಂದು ಹೇಳಲು ಹೋಗಿ, ಅಗುಳಿ ರಿಪೇರಿಗೆ ಬಂದ ಬಡಗಿಗೂ ಬಾಗಿಲು ತೆಗೆಯದಂತೆ ನಾನೇ ಮಾಡಿದ್ದೆ.

ಆ ಬಡಗಿಯ ಕೆಲಸ ಎಂಥದು ಎಂಬುದಕ್ಕೆ ಒಂದು ನಿಜವಾದ ಪ್ರಸಂಗವನ್ನು ಹೇಳುತ್ತೇನೆ. ೨೦೨೩ರ ಸೆಪ್ಟೆಂಬರಿನಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ ಎಂಬ ಸಂಸ್ಥೆಯವರು, ಅಮೆರಿಕದ ವಾಷಿಂಗ್ಟನ್ನಿನ ಒಂದು ನಾಗರಿಕ ಸಮಾಜ ಸಂಸ್ಥೆಯ ನೌಕರರೊಬ್ಬರ ಐಫೋನನ್ನು ಪರೀಕ್ಷಿಸಿದ ಸಂಗತಿಯನ್ನು ಹೊರಗೆಡವಿದರು. ಅದರಲ್ಲಿ ಪೆಗಾಸಸ್ ಎಂಬ ಬೇಹುಗಾರಿಕೆಯ ತಂತ್ರಾಂಶವನ್ನು ನುಗ್ಗಿಸುವ ಯತ್ನ ಕಂಡಿತು. ಬಂದ ದಾರಿಯೋ, ಸಂದೇಶದೊಡನೆ ಕಳುಹಿಸಿದ ಚಿತ್ರ! ಫೋನಿನವರು ಏನನ್ನೂ ಒತ್ತಬೇಕಾಗಿರಲಿಲ್ಲ. ಸಂದೇಶ ಬಂದರೆ ಸಾಕಾಗಿತ್ತು. ಆಪಲ್ ಕಂಪೆನಿಯವರು ಸೆಪ್ಟೆಂಬರ್ ೭ರಂದು ತಮ್ಮ ಯಂತ್ರಗಳಿಗೆ ತಿದ್ದುಪಡಿಯನ್ನು ಹೊರಡಿಸಿದರು. ಅದಕ್ಕೆ ಒಂದು ದಿನ ಮೊದಲೇ ಆಪಲ್ಲಿನ ರಕ್ಷಣಾ ವಿಭಾಗವೂ ಸಿಟಿಜನ್ ಲ್ಯಾಬಿನವರೂ ಗೂಗಲಿಗೆ ಒಂದು ದೋಷವನ್ನು ತಿಳಿಸಿದ್ದರು. ಅದು ವೆಬ್‌ಪಿ ಎಂಬ ಚಿತ್ರಗಳನ್ನು ಬಿಡಿಸಿ ತೋರಿಸುವ ತಂತ್ರಾಂಶದಲ್ಲಿತ್ತು.

ವೆಬ್‌ಪಿ ಎಂಬುದು ೨೦೧೦ರಲ್ಲಿ ಗೂಗಲ್ ಹೊರತಂದ ಚಿತ್ರರೂಪ. ಚಿತ್ರವನ್ನು ಕಡಿಮೆ ಜಾಗದಲ್ಲಿ ಅಡಕಮಾಡಲು ಅದು ಹಫ್‌ಮನ್ನನ ಸಂಕೇತಕ್ರಮವನ್ನು ಬಳಸುತ್ತದೆ. ಡೇವಿಡ್ ಹಫ್‌ಮನ್ ಅಮೆರಿಕದ ಎಂ.ಐ.ಟಿ.ಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಕಂಡುಕೊಂಡು, ೧೯೫೨ರಲ್ಲಿ ಪ್ರಕಟಿಸಿದ ವಿಧಾನವಿದು. ಇದರ ಗುಟ್ಟು ನಮ್ಮ ಹೆಣ್ಣುಮಕ್ಕಳಿಗೆ ಹೊಸದಲ್ಲ. ದಿನವೂ ಬೇಕಾಗುವ ಸಾಸಿವೆ ಡಬ್ಬಿ ಕೈಗೆ ಎಟಕುವಲ್ಲಿರುತ್ತದೆ. ವರ್ಷಕ್ಕೊಮ್ಮೆ ಬೇಕಾಗುವ ಕೊಪ್ಪರಿಗೆ ಅಟ್ಟದ ಮೇಲಿರುತ್ತದೆ. ಹಾಗೆಯೇ ಪದೇ ಪದೇ ಬರುವ ಅಂಶಕ್ಕೆ ಗಿಡ್ಡ ಸಂಕೇತ, ಅಪರೂಪದ್ದಕ್ಕೆ ಉದ್ದ ಸಂಕೇತ. ಚಿತ್ರವನ್ನು ಬಿಡಿಸುವಾಗ ಯಂತ್ರವು ಈ ಸಂಕೇತಗಳ ಒಂದು ಪಟ್ಟಿಯನ್ನು ತನ್ನ ನೆನಪಿನಲ್ಲಿ ಕಟ್ಟಿಕೊಳ್ಳಬೇಕು.

ದೋಷವಿದ್ದದ್ದು ಇಲ್ಲಿಯೇ. ಸರಿಯಾದ ಪಟ್ಟಿ ಎಷ್ಟೇ ದೊಡ್ಡದಾದರೂ ಇಂತಿಷ್ಟನ್ನು ಮೀರಲಾರದೆಂದು ಮೊದಲೇ ಲೆಕ್ಕಹಾಕಿ, ಅಷ್ಟೇ ಜಾಗವನ್ನು ಕಾದಿರಿಸಿದ್ದರು. ಲೆಕ್ಕ ತಪ್ಪಾಗಿರಲಿಲ್ಲ, ಬರುವ ಚಿತ್ರವೆಲ್ಲ ಸರಿಯಾದುದೇ ಆಗಿರುತ್ತದೆಂದು ನಂಬಿದ್ದೇ ತಪ್ಪಾಯಿತು. ಮದುವೆ ಮನೆಯಲ್ಲಿ ಐವತ್ತು ಎಲೆ ಹಾಕಿ, ಬಂದವರೆಲ್ಲ ಕರೆದವರೇ ಎಂದು ನಂಬಿ ಒಳಗೆ ಬಿಟ್ಟಂತೆ. ಬೇಕೆಂದೇ ಕೆಡಿಸಿದ ಚಿತ್ರವೊಂದು ಬಂದರೆ ಪಟ್ಟಿ ತನ್ನ ಜಾಗವನ್ನು ಮೀರಿ ಪಕ್ಕದ ನೆನಪಿನ ಮೇಲೆ ಬರೆಯತೊಡಗುತ್ತದೆ. ಪಂಕ್ತಿಯಲ್ಲಿ ಎಲೆ ಸಿಗದವನು ಉಗ್ರಾಣಕ್ಕೆ ನುಗ್ಗುವಂತೆ! ಅಲ್ಲಿ ಏನು ಬರೆಯಬೇಕೆಂಬುದನ್ನು ಜಾಣನಾದ ದುಷ್ಟನು ತಾನೇ ಗೊತ್ತುಮಾಡಬಲ್ಲವನಾದರೆ, ಬ್ರೌಸರು ಅವನ ಆಜ್ಞೆಯಂತೆ ನಡೆಯತೊಡಗುತ್ತದೆ.

ಗೂಗಲಿನವರು ಸೆಪ್ಟೆಂಬರ್ ೧೧ರಂದು ಕ್ರೋಮನ್ನು ಸರಿಪಡಿಸಿದರು. ಈ ದೋಷವನ್ನು ಬಳಸಿಕೊಂಡು ಆಗಲೇ ದಾಳಿ ನಡೆಯುತ್ತಿದೆಯೆಂದೂ ಒಪ್ಪಿಕೊಂಡರು. ಮರುದಿನವೇ ಮೊಜಿಲ್ಲಾದವರು ಫೈರ್‌ಫಾಕ್ಸನ್ನು ಸರಿಪಡಿಸಿದರು. ಒಂದು ಕಂಪೆನಿಯ ದೋಷಕ್ಕೆ ಇನ್ನೊಂದು ಕಂಪೆನಿ ಏಕೆ ಓಡಬೇಕೆಂದು ಕೇಳಬಹುದು. ಒಬ್ಬ ಕಮ್ಮಾರ ಮಾಡಿದ ಚಿಲಕವನ್ನೇ ಊರಿನವರೆಲ್ಲ ಹಾಕಿಸಿಕೊಂಡಿದ್ದರು! ಪರಿಹಾರವೇನೋ ಸರಳ: ಪಟ್ಟಿ ಎಷ್ಟು ದೊಡ್ಡದಾಗುವುದೆಂದು ಮೊದಲು ಅಳೆದು, ಬೇಕಾದಷ್ಟು ಜಾಗವನ್ನು ಕೊಟ್ಟು, ಆಮೇಲೆ ಬರೆಯುವುದು.

ಇಂಥ ದಾಳಿಯನ್ನು ಗುರಿಯಿಟ್ಟು ಮಾಡುವುದು ಕೆಲವರ ಮೇಲೆ ಮಾತ್ರ. ನಮ್ಮಂಥ ಗೃಹಸ್ಥರಿಗೆ ಏತರ ಭಯ ಎನ್ನಬಹುದು. ಮೊದಲ ದಿನಗಳ ಮಟ್ಟಿಗೆ ಆ ಮಾತು ನಿಜ. ಆದರೆ ತಿದ್ದುಪಡಿ ಹೊರಬಿದ್ದಕೂಡಲೇ ಅದನ್ನು ಓದಿ, ಬಿರುಕು ಎಲ್ಲಿತ್ತೆಂಬುದನ್ನು ಉಳಿದ ಕಳ್ಳರೂ ತಿಳಿದುಕೊಳ್ಳಬಲ್ಲರು. ಆದ್ದರಿಂದಲೇ ಬಹುಮಂದಿ ಹೊಸದನ್ನು ಹಾಕಿಕೊಳ್ಳುವವರೆಗೆ ದೋಷದ ವಿವರಗಳನ್ನು ಕಂಪೆನಿಗಳು ಬಿಗಿಹಿಡಿದಿರುತ್ತವೆ. ಬಡಗಿ ಬಂದು ಹೋದ ಬೀದಿಯಲ್ಲಿ ಅವನನ್ನು ಹಿಂದಕ್ಕೆ ಕಳುಹಿಸಿದ ಮನೆಗೇ ಹೆಚ್ಚು ಅಪಾಯ.

ಹಾಗಾದರೆ ಮಾಡತಕ್ಕದ್ದೇನು? ಹೆಚ್ಚಿನ ವಿದ್ಯೆಯೇನೂ ಬೇಡ. ಹೊಸ ಆವೃತ್ತಿ ತಾನಾಗಿ ಇಳಿದಿದ್ದರೂ ಬ್ರೌಸರನ್ನು ಪೂರ್ತಿಯಾಗಿ ಮುಚ್ಚಿ ತೆರೆಯುವವರೆಗೆ ಹಳೆಯದೇ ನಡೆಯುತ್ತಿರುತ್ತದೆ. ವಾರಗಟ್ಟಲೆ ಮುಚ್ಚದೆ ಇಡುವ ಅಭ್ಯಾಸವನ್ನು ಬಿಡಬೇಕು. ಎರಡನೆಯದಾಗಿ, ಯಾವುದೋ ಪುಟದ ನಡುವೆ "ನಿಮ್ಮ ಬ್ರೌಸರು ಹಳೆಯದಾಗಿದೆ, ಇಲ್ಲಿ ಒತ್ತಿ" ಎಂದು ಕೂಗುವುದನ್ನು ನಂಬಬಾರದು. ನಿಜವಾದ ಬಡಗಿ ಬೀದಿಯಲ್ಲಿ ಕೂಗುವುದಿಲ್ಲ. ಬ್ರೌಸರಿನ ಸ್ವಂತ ಮೆನುವಿನಲ್ಲಿ, ಅದರ ಕುರಿತಾದ ಪುಟದಲ್ಲಿ ನೋಡಿದರೆ ನಿಜ ತಿಳಿಯುತ್ತದೆ. ಫೋನಿನಲ್ಲಾದರೆ ಅದರ ಆಪ್ ಅಂಗಡಿಯಲ್ಲಿ. ಮೂರನೆಯದಾಗಿ, ತಯಾರಕರೇ ತಿದ್ದುಪಡಿಗಳನ್ನು ನಿಲ್ಲಿಸಿಬಿಟ್ಟಿರುವ ಹಳೆಯ ಯಂತ್ರದಲ್ಲಿ ಹಾಡು ಕೇಳಬಹುದು. ಬ್ಯಾಂಕಿನ ವ್ಯವಹಾರ ಬೇಡ.

ನಮ್ಮ ಮನೆಗಳಲ್ಲಿ ಹಳೆಯ ಯಂತ್ರವು ಎಲ್ಲಿಗೆ ಹೋಗುತ್ತದೆ? ನಾವು ಹೊಸದನ್ನು ಕೊಂಡು, ಹಳೆಯದನ್ನು ಊರಿನ ತಂದೆತಾಯಿಗಳಿಗೆ ಕೊಟ್ಟು ಬರುತ್ತೇವೆ. ಪ್ರೀತಿಯಿಂದಲೇ ಕೊಡುತ್ತೇವೆ, ಸಂದೇಹವಿಲ್ಲ. ಆದರೆ ಮುರಿದ ಅಗುಳಿಯ ಮನೆಯಲ್ಲಿ ಹಿರಿಯರನ್ನು ಕೂಡಿಸಿದಂತಾಗಬಾರದು.

ನನ್ನ ತಾಯಿಗೆ ಈಗ ಬೇರೆ ಮಾತನ್ನು ಹೇಳಿಕೊಟ್ಟಿದ್ದೇನೆ. ಬ್ರೌಸರಿನ ಮೆನುವನ್ನೆಲ್ಲ ಕನ್ನಡದಲ್ಲಿಯೇ ಕಾಣುವಂತೆ ಮಾಡಿದ್ದೇನೆ. ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲಿಯೂ ಆ ಏರ್ಪಾಡಿದೆ. ಪ್ರತಿ ಭಾನುವಾರ ಫೋನಿನಲ್ಲಿ, "ಊಟವಾಯಿತೇ, ಔಷಧಿ ತೆಗೆದುಕೊಂಡೆಯಾ" ಎಂದು ಕೇಳಿದ ಮೇಲೆ, "ಕಿಟಕಿಗೆ ಹೊಸ ಅಗುಳಿ ಬಂದಿದೆಯೇ ನೋಡು" ಎನ್ನುತ್ತೇನೆ. ಅವರು ಕನ್ನಡಕ ಹಾಕಿಕೊಂಡು, ಓದಿ ಹೇಳಿ, ತಾವೇ ಒತ್ತುತ್ತಾರೆ. ಕಳೆದ ವಾರ ನಾನು ಕೇಳುವ ಮೊದಲೇ, "ನಿನ್ನದಕ್ಕೆ ಹಾಕಿದೆಯೇನೋ?" ಎಂದು ಅವರೇ ಕೇಳಿದರು. ನಾನು ಹಾಕಿರಲಿಲ್ಲ.

ತಾವೆಲ್ಲರೂ ಇಂದು ರಾತ್ರಿ ಮಲಗುವ ಮುನ್ನ ಒಮ್ಮೆ ನೋಡಿಕೊಳ್ಳಬೇಕೆಂದೂ, ಊರಿಗೆ ಒಂದು ಫೋನು ಮಾಡಬೇಕೆಂದೂ ಬೇಡಿಕೊಳ್ಳುತ್ತೇನೆ.